ಯೂನಿಸಳ ಹೆಸರಿನಲ್ಲಿ ಇಟ್ಟದ್ದು

ಮಿಟನ್ ಕೋವ್, ನ್ಯೂಫೌಂಡ್‌ಲ್ಯಾಂಡ್
9 ಅಕ್ಟೋಬರ್ 2016

ಪ್ರಿಯ ಆರ್ವಿಲ್,

ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಗೊತ್ತಿದ್ದೂ ಮೊನ್ನೆ ಮಾಡಿದೆ. "ಹಿಲ್ಡಕ್ಕಂಗೆ ಎಡಗೈ ಇನ್ನೂ ಏಳ್ತಿಲ್ಲ ಕಣೋ" ಅಂದೆ. "ಹೌದೌದು, ಇಲ್ಲೂ ಹಂಗೇ" ಅಂದೆ ನೀನು. ನಲವತ್ತು ವರ್ಷ ರೈಲು ಎಂಜಿನ್ನುಗಳ ಹೊಟ್ಟೆಯೊಳಗೆ ತಲೆ ತೂರಿಸಿ ಕೆಲಸ ಮಾಡಿದವನ ಕಿವಿಯನ್ನು ನಾನು ಬೈಯುವುದಿಲ್ಲ. ಆ ಕಿವಿಯನ್ನು ತೆತ್ತು ನೀನು ನಮ್ಮ ಮನೆ ನಡೆಸಿದೆ. ಇನ್ನು ಮೇಲೆ ಕಾಗದವೇ ಸರಿ.

ಅಕ್ಕನಿಗೆ ಲಕ್ವ ಹೊಡೆದು ಆರು ವಾರವಾಯಿತು. ಕಾಲು ಸ್ವಲ್ಪ ಬಂದಿದೆ, ಮಾತು ಬಂದಿಲ್ಲ. ಬಾಯಿ ತೆರೆಯುತ್ತಾಳೆ, ಗಾಳಿ ಬರುತ್ತದೆ, ಸಿಟ್ಟಿನಿಂದ ಚಮಚ ಎಸೆಯುತ್ತಾಳೆ. ಚಮಚ ಎಸೆಯುವಷ್ಟು ಬಲವಿದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಮೂರು ವಾರಕ್ಕೆಂದು ಬಂದವಳು ಐದನೇ ವಾರದಲ್ಲಿದ್ದೇನೆ. ಇನ್ನೂ ಸ್ವಲ್ಪ ದಿನ ಬೇಕಾಗಬಹುದು. ನೀನು ಬರುವುದು ಬೇಡ. ಚಳಿಗಾಲದಲ್ಲಿ ಮನೆ ಖಾಲಿ ಬಿಟ್ಟರೆ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ.

ನಾಳೆ ಕೃತಜ್ಞತೆಯ ಹಬ್ಬ. ಪ್ರತಿ ವರ್ಷ ಊಟಕ್ಕೆ ಮೊದಲು ಯಾವುದಕ್ಕೆ ಋಣಿ ಎಂದು ಕೇಳಿದರೆ ನೀನು "ಗ್ರೇವಿಗೆ" ಎಂದು ಹೇಳಿ ಮುಗಿಸಿಬಿಡುತ್ತೀಯ. ಈ ವರ್ಷ ಇಲ್ಲಿ ಉಪ್ಪು ಮೀನು, ಆಲೂಗಡ್ಡೆ. ನಾನು ನಿನ್ನ ಹೆಸರು ಹೇಳುತ್ತೇನೆ. ಹಿಲ್ಡಕ್ಕ ಚಮಚ ಎಸೆದರೆ ಎಸೆಯಲಿ.

ದಪ್ಪ ಉಣ್ಣೆಯ ಕಾಲುಚೀಲ ಮೇಲಿನ ಡ್ರಾಯರಿನಲ್ಲಿದೆ.

ನಿನ್ನ,
ಯೂನಿಸ್


ಮೂಸ್ ಜಾ, ಸಾಸ್ಕಾಚವನ್
30 ಅಕ್ಟೋಬರ್ 2016

ಪ್ರಿಯ ಯೂನಿಸ್,

ಕಾಗದ ತಲುಪಿತು. ಕಾಲುಚೀಲ ಸಿಕ್ಕಿತು.

ಹಬ್ಬದ ದಿನ ಪಕ್ಕದ ಮನೆಯ ನೆಸ್ಟರ್ ಊಟಕ್ಕೆ ಕರೆದ. ಅವನ ಹೆಂಡತಿ ತೀರಿಹೋದ ಮೇಲೆ ಅವನೇ ಅಡುಗೆ ಕಲಿತಿದ್ದಾನೆ. ಕಲಿತಿದ್ದೇನೆ ಎಂದು ಅವನು ಹೇಳುತ್ತಾನೆ. ಟರ್ಕಿ ಕೋಳಿ ಒಳಗೆ ಇನ್ನೂ ಹೆಪ್ಪುಗಟ್ಟಿತ್ತು. "ಹೆಂಗಿದೆ?" ಅಂದ. "ಚೆನ್ನಾಗಿದೆ" ಅಂದೆ. ದೇವರು ಅಂಥ ಸುಳ್ಳನ್ನು ಕ್ಷಮಿಸುತ್ತಾನೆ ಎಂದುಕೊಂಡಿದ್ದೇನೆ. ಬೇರೆ ಸುಳ್ಳು ನಾನು ಹೇಳುವುದಿಲ್ಲ, ನಿನಗೇ ಗೊತ್ತು.

ನಾನು ಚೆನ್ನಾಗಿದ್ದೇನೆ. ಮನೆ ಬೆಚ್ಚಗಿದೆ. ಅಡುಗೆ ಮಾಡಿಕೊಳ್ಳುತ್ತೇನೆ. ಒಂದು ಪಾತ್ರೆ ತಳ ಹತ್ತಿತು. ಯಾವ ಪಾತ್ರೆ ಎಂದು ಕೇಳಬೇಡ.

ಹಿಲ್ಡಾಗೆ ಬೇಕಾದಷ್ಟು ದಿನ ಇರು. ದಾರಿ ಖರ್ಚಿಗೆ, ಕೈಖರ್ಚಿಗೆ ಹೇಗೆ ಮಾಡಿಕೊಂಡೆ ಎಂದು ನೀನು ಬರೆದಿಲ್ಲ. ಕೇಳಬಾರದು ಎಂದೂ ಅನಿಸಿತು. ಬೇಕಾದರೆ ಕಳಿಸುತ್ತೇನೆ.

ಆರ್ವಿಲ್


ಮಿಟನ್ ಕೋವ್
11 ಡಿಸೆಂಬರ್ 2016

ಪ್ರಿಯ ಆರ್ವಿಲ್,

ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ. ಎರಡು ಸಲ ಬರೆದು ಹರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದೋಣಿ ಗಾಳಿ ಇಳಿದ ದಿನ ಮಾತ್ರ ಬಿಡುತ್ತದೆ. ಅಕ್ಕನನ್ನು ಒಂದು ವಾರ ನೋಡಿಕೊಳ್ಳುವವರು ಯಾರೂ ಇಲ್ಲ.

ಖರ್ಚಿಗೆ ಏನೂ ಕಳಿಸಬೇಡ. ನನಗೆ ಸಾಕಷ್ಟಿದೆ.

ಇಲ್ಲಿ ಬೆಳಿಗ್ಗೆ ಎದ್ದರೆ ಕಿಟಕಿಯ ತುಂಬ ನೀರು. ಮೂಸ್ ಜಾದಲ್ಲಿ ನಲವತ್ತಮೂರು ವರ್ಷ ಕಿಟಕಿಯ ತುಂಬ ಗೋದಿ ಹೊಲ ನೋಡಿದೆ, ಅದೂ ಚೆನ್ನಾಗಿಯೇ ಇತ್ತು. ಅಂಚೆ ಕಚೇರಿಯ ವೈಲೆಟ್ ನನ್ನ ಜೊತೆ ಶಾಲೆಗೆ ಬಂದವಳು. ಅವಳು ಮೊನ್ನೆ, "ಏನೇ ಯೂನಿಸ್, ಬಯಲು ಸೀಮೆಯವಳು ಆಗ್ಬಿಟ್ಟಿದ್ದೆ, ಈಗ ನಡಿಗೇಲಿ ಮತ್ತೆ ಉಪ್ಪು ನೀರು ಬಂದಿದೆ" ಅಂದಳು. ನನಗೆ ನಗು ಬಂತು. ಸಂಜೆ ಯಾಕೋ ಅಳುವೂ ಬಂತು.

ನೆಸ್ಟರ್ ಕರೆದರೆ ಹೋಗು. ಆದರೆ ಮೊದಲು ಒಲೆ ಹಚ್ಚಿದ್ದಾನೋ ನೋಡಿಕೊ.

ಯೂನಿಸ್


ಮೂಸ್ ಜಾ
2 ಜನವರಿ 2017

ಪ್ರಿಯ ಯೂನಿಸ್,

ಸರಿ.

ಇಗರ್ಜಿಗೆ ಹೋಗಿದ್ದೆ. ನೀನು ಎಲ್ಲಿ ಎಂದು ಆರು ಜನ ಕೇಳಿದರು. ಅಕ್ಕನ ಮನೆಯಲ್ಲಿ ಎಂದು ಐದು ಜನಕ್ಕೆ ಹೇಳಿದೆ. ಆರನೆಯವಳ ಮಾತು ಕೇಳಿಸಲಿಲ್ಲ ಎಂಬಂತೆ ಇದ್ದುಬಿಟ್ಟೆ.

ಇಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ. ಕೊಳವೆಗಳು ಚೆನ್ನಾಗಿವೆ.

ಆರ್ವಿಲ್


ಮೂಸ್ ಜಾ
26 ಫೆಬ್ರವರಿ 2017

ಪ್ರಿಯ ಯೂನಿಸ್,

ಎರಡು ವಿಷಯ.

ಒಂದು. ನಿನ್ನ ಹೆಸರಿನ ನಿವೃತ್ತಿ ಉಳಿತಾಯದಿಂದ ಕಳೆದ ವರ್ಷ ಎಷ್ಟು ತೆಗೆದಿದೆ ಎಂಬ ಚೀಟಿ ತೆರಿಗೆಗಾಗಿ ಇಲ್ಲಿಗೆ ಬಂತು. ಪ್ರತಿ ವರ್ಷ ನಾನೇ ತೆರೆಯುವ ಅಭ್ಯಾಸ, ಹಾಗಾಗಿ ತೆರೆದುಬಿಟ್ಟೆ. ಕ್ಷಮಿಸು. ಇದರ ಜೊತೆ ಇಟ್ಟಿದ್ದೇನೆ. ನಿನ್ನ ಪಾಲಿನ ತೆರಿಗೆ ಕಾಗದ ನೀನು ಅಲ್ಲಿಂದಲೇ ಕಳಿಸಿದರೆ ಒಳ್ಳೆಯದು.

ಎರಡು. ನನ್ನದನ್ನು ನಾನು ಒಬ್ಬನೇ ಮುಗಿಸಿದೆ. ನನ್ನ ರೈಲ್ವೆ ಪಿಂಚಣಿಯ ಅರ್ಧ ನಿನ್ನದೆಂದು ತೋರಿಸಲು ಇಬ್ಬರೂ ಸಹಿ ಹಾಕುವ ಆ ಜಂಟಿ ಫಾರಂ ಈ ವರ್ಷ ಬೇಕಾಗುವುದಿಲ್ಲ. ತೆರಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಕಟ್ಟುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಆರ್ವಿಲ್


ಮಿಟನ್ ಕೋವ್
23 ಏಪ್ರಿಲ್ 2017

ಆರ್ವಿಲ್ ಪೆಟ್ಕೌ ಅವರಿಗೆ,

ಎಂಟು ವಾರ ನಾನು ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ಸರ್ಕಾರವೇ ತಿಳಿಸಿದೆ.

ತೆರಿಗೆ ಇಲಾಖೆಯಿಂದ ನನಗೊಂದು ಕಾಗದ ಬಂತು. ನಾನು ನನ್ನ ಫಾರಂನಲ್ಲಿ 'ವಿವಾಹಿತೆ' ಎಂದು ಗುರುತು ಹಾಕಿದ್ದೇನಂತೆ, ನನ್ನ ಗಂಡ 'ಬೇರ್ಪಟ್ಟವರು' ಎಂದು ಹಾಕಿದ್ದಾನಂತೆ, ಎರಡರಲ್ಲಿ ಯಾವುದು ಸರಿ ಎಂದು ತಿಳಿಸಬೇಕಂತೆ. ವೈಲೆಟ್ ಕೈಯಿಂದಲೇ ಆ ಲಕೋಟೆ ಇಸಿದುಕೊಂಡು ಅವಳೆದುರಿಗೇ ಒಡೆದೆ. "ಏನ್ ಬಂದಿದೆ?" ಅಂದಳು. "ಏನಿಲ್ಲ ಬಿಡೇ" ಅಂದೆ. ಮನೆಗೆ ಬರುವ ಗುಡ್ಡ ಹತ್ತುವಾಗ ಮೂರು ಕಡೆ ನಿಲ್ಲಬೇಕಾಯಿತು.

ನಲವತ್ತಮೂರು ವರ್ಷದ ಸಂಸಾರ ಮುಗಿಯಿತು ಎನ್ನುವುದನ್ನು ಹೆಂಡತಿಗೆ ಹೇಳುವ ಮೊದಲು ತೆರಿಗೆಯವರಿಗೆ ಹೇಳುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಪ್ರತಿ ಮಾರ್ಚಿನಲ್ಲೂ ಅಡುಗೆಮನೆ ಮೇಜಿನ ಆಚೆ ನೀನು, ಈಚೆ ನಾನು, ನಡುವೆ ಸಾಸ್ಕಟೂನ್ ಹಣ್ಣು ತುಂಬಿ ಬೇಯಿಸಿದ ಪೈ. ನೀನು ಸಹಿ ಹಾಕಿ ಫಾರಂ ತಿರುಗಿಸುತ್ತಿದ್ದೆ, ನಾನು ಹಾಕುತ್ತಿದ್ದೆ. "ಅರ್ಧ ನಿಂದು" ಎಂದು ನೀನು ಅನ್ನುತ್ತಿದ್ದೆ. ಪಿಂಚಣಿಯದೋ ಪೈಯದೋ ಎಂದು ನಾನು ರೇಗಿಸುತ್ತಿದ್ದೆ. ಈ ವರ್ಷ ಆ ಫಾರಂ ಬೇಡ ಎಂದು ನೀನು ಬರೆದೆ.

ಕಾರಣ ನನಗೆ ಗೊತ್ತು. ಆ ಚೀಟಿ. ಹೌದು, ನನ್ನ ಹೆಸರಿನ ಉಳಿತಾಯದಿಂದ ನಿನ್ನನ್ನು ಕೇಳದೆ ತೆಗೆದೆ. ಬರುವ ಟಿಕೆಟ್ಟಿಗೆ ತೆಗೆದೆ. ಅಕ್ಕನ ಮನೆಯ ಮಾಡಿಗೆ ತೆಗೆದೆ, ಅವಳ ಮಂಚದ ಮೇಲೆಯೇ ಸೋರುತ್ತಿತ್ತು. ಹೊಸ ಒಲೆಗೆ ತೆಗೆದೆ. ನಿನಗೆ ಹೇಳಲಿಲ್ಲ. 1988ರಲ್ಲಿ ನೀನು ಆ ಖಾತೆ ತೆರೆದ ದಿನ, "ಹೆಂಡ್ತಿ ಹೆಸ್ರಲ್ಲಿ ಹಾಕಿದ್ರೆ ತೆರಿಗೆ ಕಮ್ಮಿ ಅಂತ ಯೂನಿಯನ್ನಿನವ್ರು ಹೇಳಿದ್ರು, ಇಲ್ಲೊಂದು ಸಹಿ ಹಾಕು" ಅಂದೆ. ನಾನು ಹಾಕಿದೆ. ಸಂಬಳದ ಮುಖ ನೋಡದವಳು ನಾನು. ಹೆಸರು ಮಾತ್ರ ನನ್ನದು, ಹಣ ನಿನ್ನ ಬೆವರಿನದು ಎಂದು ನನಗೆ ಯಾವತ್ತೂ ನೆನಪಿತ್ತು. ಕೇಳಿದರೆ ನೀನು ಕೊಡುತ್ತಿದ್ದೆ, ಅದೂ ಗೊತ್ತಿತ್ತು. ಆದರೆ ಅರವತ್ತೆಂಟನೇ ವಯಸ್ಸಿನಲ್ಲಿ ನನ್ನ ಅಕ್ಕನ ಮಾಡು ಸರಿ ಮಾಡಿಸಲು ಕೈ ಚಾಚಲು ಮನಸ್ಸಾಗಲಿಲ್ಲ. ಉಳಿದದ್ದನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ, ತೆಗೆದದ್ದನ್ನು ಹೇಗಾದರೂ ತುಂಬುತ್ತೇನೆ.

ಇಲಾಖೆಗೆ ನಾನಿನ್ನೂ ಉತ್ತರ ಬರೆದಿಲ್ಲ. ನೀನು ಹೇಳಿದ್ದೇ ಸರಿ ಎಂದಾದರೆ ಹಾಗೇ ಬರೆಯುತ್ತೇನೆ.

ಸಿಟ್ಟಿನಲ್ಲೂ ಒಂದು ಮಾತು ಬರೆಯದೆ ಇರಲಾರೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹೆದರಿ ಈಗಲೇ ಬರೆಯುತ್ತಿದ್ದೇನೆ. ನೀನು ಒಂದು ದಿನವೂ ನನ್ನ ಮೇಲೆ ದನಿ ಏರಿಸಲಿಲ್ಲ. ಮಕ್ಕಳಾಗಲಿಲ್ಲ ಎಂದು ನಿನ್ನ ಅಪ್ಪ ನನ್ನನ್ನು ಆಡಿಕೊಂಡಾಗ ತಟ್ಟೆ ಬಿಟ್ಟು ಎದ್ದು ನನ್ನ ಕೋಟು ತಂದು ಹೊದಿಸಿ ಹೊರಗೆ ಕರೆದುಕೊಂಡು ಬಂದೆ. ಇಂಥ ಗಂಡನಿಗೆ ಬಾಳಿನ ಪೂರ್ತಿ ಋಣಿ. ಆ ಋಣ ಯಾವ ಫಾರಂನಲ್ಲೂ ಹಿಡಿಸುವುದಿಲ್ಲ.

ಯೂನಿಸ್


ಮೂಸ್ ಜಾ
3 ಮೇ 2017

ಯೂನಿಸ್,

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಕಾಗದ ಬಂತು. ನೆಸ್ಟರ್ ಅಂಗಳದಲ್ಲಿದ್ದ. ನಾನು ಕೂತ ರೀತಿ ನೋಡಿ ಯಾರೋ ಸತ್ತಿದ್ದಾರೆ ಅಂದುಕೊಂಡು ಟೋಪಿ ತೆಗೆದ.

ನಾನು ನಿನ್ನನ್ನು ಬಿಟ್ಟಿಲ್ಲ. ಬಿಡುವ ಯೋಚನೆ ಒಂದು ನಿಮಿಷವೂ ಬಂದಿಲ್ಲ. ಇದನ್ನು ಮೊದಲು ಓದು, ಉಳಿದದ್ದು ಆಮೇಲೆ.

ಆ ಜಂಟಿ ಫಾರಂ ತರಲು ಹೋದವನು ಅದರ ಹಿಂದೆ ಸಣ್ಣ ಅಕ್ಷರದಲ್ಲಿರುವ ನಿಯಮ ಓದಿದೆ. ವರ್ಷದ ಕೊನೆಯ ದಿನ ಸೇರಿ ತೊಂಬತ್ತು ದಿನ ಗಂಡ ಹೆಂಡತಿ ಬೇರೆ ಬೇರೆ ಇದ್ದರೆ ಫಾರಂ ಹಾಕುವಂತಿಲ್ಲ, ಅವರು ಬೇರ್ಪಟ್ಟವರು ಎಂದಿತ್ತು. ನೀನು ಹೊರಟದ್ದು ಸೆಪ್ಟೆಂಬರ್ ಆರು. ಕ್ಯಾಲೆಂಡರ್ ಹಿಡಿದು ಎಣಿಸಿದೆ. ನೂರಾ ಹದಿನಾರು ದಿನ. ಮತ್ತೆ ಎಣಿಸಿದೆ, ಮತ್ತೂ ನೂರಾ ಹದಿನಾರೇ. ಸರ್ಕಾರಕ್ಕೆ ಸುಳ್ಳು ಬರೆಯಲು ನನ್ನಿಂದ ಆಗಲಿಲ್ಲ. ನಿಜ ಬರೆದೆ. ನಿನಗೆ ಹೇಳಿದರೆ ಹಿಲ್ಡಾಳನ್ನು ಬಿಟ್ಟು ಓಡಿ ಬರುತ್ತೀಯ ಎಂದು ಹೇಳಲಿಲ್ಲ. ಪ್ರತಿ ವರ್ಷ ಇಗರ್ಜಿಯ ನೆಲಮಾಳಿಗೆಯಲ್ಲಿ ತೆರಿಗೆ ಕಾಗದ ಬರೆದುಕೊಡುವ ಹೆಣ್ಣುಮಗಳ ಹತ್ತಿರವೂ ಹೋಗಲಿಲ್ಲ. 'ಬೇರ್ಪಟ್ಟವರು' ಎಂದು ಬಾಯಲ್ಲಿ ಹೇಳಬೇಕಾಗುತ್ತದಲ್ಲ. ಅಡುಗೆಮನೆಯಲ್ಲಿ ಕೂತು ಬಾಗಿಲು ಹಾಕಿಕೊಂಡು ಬರೆದೆ.

ಚೀಟಿಯ ವಿಷಯ. ಹೌದು, ನೋಡಿ ನನಗೆ ನೋವಾಯಿತು. ಹಣ ಹೋಯಿತು ಎಂದಲ್ಲ. ನೀನು ಅಲ್ಲಿ ಮನೆ ಹೂಡುತ್ತಿದ್ದೀಯ, ಇನ್ನು ಬರುವುದಿಲ್ಲ ಎಂದುಕೊಂಡೆ. ನಿನ್ನ ಕ್ರಿಸ್‌ಮಸ್ ಕಾಗದದಲ್ಲಿ ಕಿಟಕಿಯ ತುಂಬ ನೀರು ಎಂದಿತ್ತು. ಇಲ್ಲಿನ ಕಿಟಕಿಗೆ "ಅದೂ ಚೆನ್ನಾಗಿಯೇ ಇತ್ತು" ಎಂದಿತ್ತು. 'ಇತ್ತು' ಎಂದದ್ದನ್ನು ನಾನು ಬಹಳ ಸಲ ಓದಿದೆ.

ಈಗ 1988ರ ವಿಷಯ. ಯೂನಿಯನ್ನಿನವರು ತೆರಿಗೆ ಕಡಿಮೆ ಎಂದದ್ದು ನಿಜ. ನಾನು ನಿನಗೆ ಹೇಳಿದ್ದೂ ಅಷ್ಟೇ. ಹೇಳದೆ ಬಿಟ್ಟದ್ದು ಇದು.

ನನಗೆ ಎಂಟು ವರ್ಷವಿದ್ದಾಗ ಮ್ಯಾನಿಟೋಬಾದಲ್ಲಿದ್ದ ನನ್ನ ಅಮ್ಮನ ತಂಗಿಗೆ ಕಾಯಿಲೆಯಾಯಿತು. ಅಮ್ಮ ಅಪ್ಪನ ಹತ್ತಿರ ರೈಲಿನ ಟಿಕೆಟ್ಟಿಗೆ ಕೇಳಿದಳು. ಅಮ್ಮ ಮೊಟ್ಟೆ ಮಾರಿದ ದುಡ್ಡೂ ಅಪ್ಪನ ಡಬ್ಬಿಗೇ ಹೋಗುತ್ತಿತ್ತು. "ಕೊಯ್ಲು ಮುಗೀಲಿ, ನೋಡಾಣ" ಅಂದ. ಕೊಯ್ಲು ಮುಗಿಯುವ ಮೊದಲೇ ಚಿಕ್ಕಮ್ಮ ತೀರಿಹೋದಳು. ಆ ವರ್ಷ ಪೂರ್ತಿ ಅಮ್ಮ ಅಪ್ಪನಿಗೆ ಬಡಿಸುವಾಗ ತಟ್ಟೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಿದ್ದಳು. ನಾನು ನೋಡುತ್ತಿದ್ದೆ.

ಹದಿನೇಳು ವರ್ಷ ನಾನು ಆ ಖಾತೆಗೆ ಹಾಕಿದ್ದು ಅದಕ್ಕೆ. ನಿನಗೆ ಎಲ್ಲಿಗಾದರೂ ಹೋಗಬೇಕಾದರೆ ನೀನು ಯಾರನ್ನೂ ಕೇಳಬಾರದು. ನನ್ನನ್ನೂ ಕೇಳಬಾರದು. ಅದನ್ನು ಹೇಳಲು ನನಗೆ ಬರಲಿಲ್ಲ. ತೆರಿಗೆ ಎನ್ನುವುದು ಸುಲಭವಾಗಿತ್ತು.

ನೀನು ಕೇಳದೆ ನಿನ್ನ ಅಕ್ಕನ ಹತ್ತಿರ ಹೋದೆ. ನಾನು ಬಯಸಿದ್ದೇ ಅದು. ಕೇಳದೆ ಹೋದರೆ ನನಗೆ ಇಷ್ಟು ನೋಯುತ್ತದೆ ಎಂದು ಮಾತ್ರ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಕುತ್ತಿದ್ದೆ.

ಒಂದು ಪೈಸೆ ತುಂಬಬೇಡ. ಮಾಡು ಸೋರುವುದು ನಿಂತಿತಲ್ಲ, ನನಗೆ ಸಂತೋಷ.

ನಿನ್ನ,
ಆರ್ವಿಲ್


ಮಿಟನ್ ಕೋವ್
14 ಮೇ 2017

ನನ್ನ ಪೆದ್ದ ಆರ್ವಿಲ್,

ಬೈಗುಳ ನನ್ನದಲ್ಲ. ಯಾರದೆಂದು ಹೇಳುತ್ತೇನೆ, ತಾಳು.

ನಿನ್ನ ಕಾಗದವನ್ನು ಅಂಚೆ ಕಚೇರಿಯ ಬೆಂಚಿನಲ್ಲೇ ಕೂತು ಓದಿದೆ. ನಿನ್ನ ಅಮ್ಮನ ವಿಷಯಕ್ಕೆ ಬಂದಾಗ ಅಕ್ಷರ ಕಾಣದಾಯಿತು. ವೈಲೆಟ್ ಕೌಂಟರ್ ಮುಚ್ಚಿ ಚಹಾ ತಂದಳು. ಮೊದಲ ಪುಟವನ್ನು ಅವಳಿಗೂ ಓದಿಸಿದೆ. ಅವಳು ತೊಂಬತ್ತು ದಿನದ ಮಾತು ಓದಿ, "ತಾಳು ತಾಳು" ಎಂದು ಒಳಗಿನಿಂದ ಆ ಫಾರಂ ತಂದಳು. ಅಂಚೆ ಕಚೇರಿಯಲ್ಲಿ ಒಂದು ಕಟ್ಟೇ ಇದೆ. ಕನ್ನಡಕ ಏರಿಸಿ ಓದಿದಳು. "ಲೇ ಯೂನಿಸ್, ಇಲ್ಲಿ 'ದಾಂಪತ್ಯ ಮುರಿದ ಕಾರಣಕ್ಕೆ' ಬೇರೆ ಇದ್ರೆ ಅಂತ ಐತೆ. ಅಕ್ಕನ ಕಾಯಿಲೆ ನೋಡ್ಕೊಳಕ್ಕೆ ಬಂದಿರೋದನ್ನ ಯಾರು ಮುರಿದದ್ದು ಅಂತಾರೆ? ನಿನ್ ಗಂಡ ದಿನ ಎಣಿಸಿದ್ದೇ ಎಣಿಸಿದ್ದು, ಆ ಸಾಲಿನ ತಲೆನೇ ಓದಿಲ್ಲ" ಅಂದಳು.

ಆರ್ವಿಲ್, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನಿನ್ನ ಪ್ರಾಮಾಣಿಕತೆ. ನಾವು ಬೇರ್ಪಟ್ಟೇ ಇರಲಿಲ್ಲ. ಸರ್ಕಾರ ಹಾಗೆ ಅನ್ನಲೂ ಇಲ್ಲ. ನೀನೊಬ್ಬ ಕೂತು ನೂರಾ ಹದಿನಾರು ದಿನ ಎಣಿಸಿ ನಮ್ಮಿಬ್ಬರನ್ನೂ ಬೇರೆ ಮಾಡಿಬಿಟ್ಟೆ. ಅಷ್ಟು ದಿನ ಒಂದೊಂದಾಗಿ ಎಣಿಸಿದೆ ಎಂದು ತಿಳಿದ ಮೇಲೆ ನಿನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

ಮನೆಗೆ ಬಂದು ಹಿಲ್ಡಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಕಣ್ಣು ಮುಚ್ಚದೆ ಕೇಳಿದಳು. ಮುಗಿದ ಮೇಲೆ ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. "ಪೆದ್ದ" ಅಂದಳು. ಸ್ಪಷ್ಟವಾಗಿ ಅಂದಳು. ಎಂಟು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ನಿನ್ನ ಬಗ್ಗೆ. ನಾನು ಅವಳ ಕಾಲು ಹಿಡಿದುಕೊಂಡು ಅತ್ತೆ, ಅವಳು ಅದನ್ನೇ ನಾಲ್ಕು ಸಲ ಹೇಳಿದಳು. ಈಗ 'ಚಹಾ' ಅನ್ನುತ್ತಾಳೆ, 'ಬೇಡ' ಅನ್ನುತ್ತಾಳೆ. ದೇವರು ದೊಡ್ಡವನು, ನಿನ್ನ ಪೆದ್ದುತನವೂ ದೊಡ್ಡದು. ಎರಡಕ್ಕೂ ನಾನು ಋಣಿ.

ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಇಲ್ಲಿ ನನಗೆ ಖುಷಿಯಾಗಿದೆ. ಅಕ್ಕನ ಸೇವೆ ಕಷ್ಟ, ಆದರೂ ಖುಷಿಯಾಗಿದೆ. ಹಾಗೆ ಬರೆದರೆ ನಿನ್ನ ಜೊತೆ ಇದ್ದ ವರ್ಷಗಳನ್ನು ಹಳಿದ ಹಾಗಾಗುತ್ತದೆ ಎಂದು ಹೆದರಿ ಗಾಳಿ, ದೋಣಿ ಎಂದೆಲ್ಲ ಬರೆದೆ. ನೀನು 'ಇತ್ತು' ಓದಿ ನೊಂದೆ. ನಿನ್ನ 'ಸರಿ' ಓದಿ ನಾನು ನೊಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಂಡು ಮಲಗುವುದಕ್ಕೆ ಇಬ್ಬರೂ ಒಂದು ಮನೆಯಲ್ಲಿರಬೇಕಲ್ಲ ಮಾರಾಯ.

ಅಕ್ಕನಿಗೆ ಇನ್ನೂ ಒಂದು ವರ್ಷವಾದರೂ ನಾನು ಬೇಕು. ನೀನು ಬಾ. ಕೊಳವೆಗಳ ನೆಪ ನಾನೇ ಕೊಟ್ಟದ್ದು, ನಾನೇ ವಾಪಸು ತೆಗೆದುಕೊಳ್ಳುತ್ತೇನೆ. ಈಗ ಬೇಸಿಗೆ. ನಿನಗೆ ಸಮುದ್ರ ಹಿಡಿಸದಿದ್ದರೆ ಹೇಳು, ಆಮೇಲೆ ಏನು ಮಾಡುವುದೆಂದು ಇಬ್ಬರೂ ಕೂತು ಯೋಚಿಸೋಣ.

ಇಲಾಖೆಗೆ ನಾನು ಉತ್ತರ ಕಳಿಸಿದೆ. ನಾನು ಹಾಕಿದ ಗುರುತೇ ಸರಿ ಎಂದು ಬರೆದೆ. ನೀನೂ ತಿದ್ದು.

ನಿನ್ನವಳೇ,
ಯೂನಿಸ್


ಮೂಸ್ ಜಾ
29 ಮೇ 2017

ಪ್ರಿಯ ಯೂನಿಸ್,

ಹಿಲ್ಡಾಗೆ ಹೇಳು, ಮಾತು ಬಂದದ್ದಕ್ಕೆ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಇನ್ನೂ ಯಾವ ಬೈಗುಳ ಅಭ್ಯಾಸ ಮಾಡಬೇಕಿದ್ದರೂ ನಾನು ಬಂದು ಎದುರಿಗೆ ಕೂರುತ್ತೇನೆ.

ಜೂನ್ ಇಪ್ಪತ್ತೆರಡರ ದೋಣಿಗೆ ಬರುತ್ತಿದ್ದೇನೆ. ಮನೆಯ ಬೀಗದ ಕೈ ನೆಸ್ಟರ್‌ಗೆ ಕೊಡುತ್ತೇನೆ. "ಎಷ್ಟು ದಿನಕ್ಕೆ ಹೊರಟೆ?" ಅಂದ. "ಎಣಿಸಲ್ಲ ಕಣಪ್ಪ, ಎಣಿಸಿ ಕೆಟ್ಟೆ" ಅಂದೆ. ಸಮುದ್ರ ನನಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಖುಷಿಯಾಗಿರುವುದು ನೋಡಬೇಕು. ಅದನ್ನು ನೀನು ಹೆದರಿಕೊಂಡು ಮುಚ್ಚಿಡುವಂತೆ ನಾನು ನಡೆದುಕೊಂಡೆನಲ್ಲ, ಅದು ನನ್ನನ್ನು ಬಹಳ ಕೊರೆಯಿತು.

ನಿನ್ನೆ ಇಗರ್ಜಿಯ ನೆಲಮಾಳಿಗೆಗೆ ಹೋದೆ. ತೆರಿಗೆ ಬರೆದುಕೊಡುವ ಹೆಣ್ಣುಮಗಳಿಗೆ ಎಲ್ಲವನ್ನೂ ಹೇಳಿದೆ. ಬಾಯಿ ಬಿಟ್ಟೇ ಹೇಳಿದೆ. ಅವಳು ನಗಲಿಲ್ಲ, ಅದಕ್ಕೆ ಅವಳಿಗೆ ಋಣಿ. "ತಿದ್ದಬೋದು ತಾತ, ಎಲ್ಲಾ ತಿದ್ದಬೋದು" ಎಂದು ಹೊಸ ಕಾಗದ ಮುಂದಿಟ್ಟಳು. ಮೇಲೆ ತಿದ್ದುಪಡಿಯ ಹಾಳೆ, ಅದರ ಕೆಳಗೆ ನಮ್ಮ ಜಂಟಿ ಫಾರಂ. ಪಿಂಚಣಿಯ ಅರ್ಧ ನಿನ್ನದು ಎಂದು ಬರೆದು ನನ್ನ ಸಹಿ ಹಾಕಿದೆ. ನಿನ್ನ ಸಹಿಗಾಗಿ ಆ ಫಾರಂ ಇದರ ಜೊತೆ ಇದೆ.

ಮೇಲಿನ ಹಾಳೆಯಲ್ಲಿ 'ವಿವಾಹಿತ' ಎಂಬ ಚೌಕ ಬಂದಾಗ ನಾನು ಪೆನ್ನು ಒತ್ತಿ ಹಿಡಿದೆ. "ಅಷ್ಟು ಒತ್ತಬೇಡಿ ತಾತ, ಕೆಳಗಿನ ಹಾಳೆವರೆಗೂ ಇಳಿಯುತ್ತೆ. ಎಷ್ಟು ಒತ್ತಿದ್ರೂ ಇಲಾಖೆಯವ್ರಿಗೆ ಗೊತ್ತಾಗಲ್ಲ" ಅಂದಳು.

ನಾನು ಒತ್ತಿದೆ. ನೀನು ಸಹಿ ಹಾಕುವ ಮೊದಲು ಫಾರಂ ಮೇಲೆ ಒಂದು ಸಲ ಬೆರಳಾಡಿಸಿ ನೋಡು.

ನಿನ್ನ,
ಆರ್ವಿಲ್